ಹಮೀದಾಕರ ರೇಡಿಯೋ ಹಾಳಾಗಿರ್ಲಿಲ್ಲ

ನಾಲ್ಕು ಸ್ಕ್ರೂನೂ ಬಿಚ್ಚಿ ಆಯ್ತು. ರೇಡಿಯೋದ ಹಿಂದಿನ ಮುಚ್ಚಳ ತೆಗೆದು ಕೌಂಟರಿನ ಮೇಲೆ, ಖುಬ್ಬೂಸ್ ರೊಟ್ಟಿಯ ಪ್ಯಾಕೆಟಿನ ಪಕ್ಕ ಇಟ್ಟೆ. ಬಗ್ಗಿ ಒಳಗೆ ನೋಡಿದೆ. ಒಂದು ವಯರ್ ಎಳೆದ ಹಾಗೆ ಮಾಡಿದೆ. ಇನ್ನೊಂದು ಕಡೆ ಉಗುರಿನಲ್ಲಿ ಕುಟ್ಟಿದೆ.

"ಎಂತಾಗಿದೆ ಅದಕ್ಕೆ?" ಹಮೀದಾಕ ಕೇಳಿದ್ರು.

"ನೋಡ್ತಾ ಇದ್ದೇನೆ."

ನೋಡ್ತಾ ಇರ್ಲಿಲ್ಲ. ನಾಟಕ ಮಾಡ್ತಾ ಇದ್ದೆ. ಆ ರೇಡಿಯೋಗೆ ಏನೂ ಆಗಿರ್ಲಿಲ್ಲ. ಅದನ್ನು ಅವರು ನನ್ನ ಕೈಗೆ ಕೊಟ್ಟಾಗ್ಲೇ ನನಗೆ ಗೊತ್ತಿತ್ತು.

ಹಮೀದಾಕ ಅಂದ್ರೆ ಬಂಟ್ವಾಳದ ಕಡೆಯ ಬ್ಯಾರಿ. ಒಮಾನಿನ ಇಬ್ರಾದಿಂದ ಒಳಗೆ, ಗುಡ್ಡದ ಹಿಂದೆ ಒಂದು ವಾದಿ ಉಂಟು. ವಾದಿ ಅಂದ್ರೆ ಮಳೆ ಬಂದ್ರೆ ಮಾತ್ರ ನೀರು ಹರಿಯುವ ಒಣ ಹೊಳೆ. ಅದರ ದಡದಲ್ಲಿ ಹತ್ತಿಪ್ಪತ್ತು ಮನೆ, ಖರ್ಜೂರದ ತೋಟ, ಮತ್ತೆ ಇವರ ಅಂಗಡಿ. ಅಕ್ಕಿ, ಟೊಮೇಟೊ ಪೇಸ್ಟ್, ಚಪ್ಪಲಿ, ಪ್ಯಾರಾಸಿಟಮಾಲ್, ಎಲ್ಲಾ ಸಿಗ್ತದೆ. ನನಗೆ ಅಲ್ಲಿ ಚಾ ಫ್ರೀ. ಯಾಕೆ? ನಾನು ಊರಿನವ ಅಂತ. ಅಷ್ಟೇ.

ನನ್ನ ಕೆಲಸ ಟವರ್ ಹತ್ತುವುದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆಫೀಸಲ್ಲಿ ಕುರ್ಚಿ ಹಾಕ್ತಾರಾ? ಬೆಲ್ಟ್ ಕಟ್ಟು, ಹತ್ತು, ಬೋಲ್ಟ್ ಟೈಟ್ ಮಾಡು, ಇಳಿ. ಹೆದರಿಕೆ ಇಲ್ಲ. ಹೆದರಿಕೆ ಶುರುವಾದದ್ದು ಆ ದಿನ, ನೆಲದ ಮೇಲೆ, ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತ್ಕೊಂಡು.

"ಹೊಸ ಬ್ಯಾಟರಿ ಹಾಕಿದೆ ಮಾರಾಯ," ಹಮೀದಾಕ ಹೇಳ್ತಾನೇ ಇದ್ರು. "ಮಾಡಿನ ಮೇಲಕ್ಕೆ ಏರಿಯಲ್ ವಯರ್ ಎಳೆದೆ. ಆಮೇಲೆ ನೀರಿನ ಟ್ಯಾಂಕರಿನವನ ಹತ್ರ ಹೇಳಿ ನಿಜ್ವಾ ಪೇಟೆಯಿಂದ ಹೊಸ ಸೆಟ್ಟೇ ತರಿಸಿದೆ. ಅದರಲ್ಲೂ ಬರೀ ಸೊಂಯ್ಯ್. ಈಗಿನ ಮಾಲೇ ಹೀಗೆ."

ಶೆಲ್ಫ್ ನೋಡಿದೆ. ಹೌದು, ಇನ್ನೊಂದು ಹೊಸ ರೇಡಿಯೋ. ಅದರ ಪ್ಲಾಸ್ಟಿಕ್ ಕವರ್ ಕೂಡ ತೆಗ್ದಿರ್ಲಿಲ್ಲ, ಧೂಳು ಕೂತ್ಕೊಳ್ತದೆ ಅಂತ.

ಈಗ ಕಥೆ ಸ್ವಲ್ಪ ಹಿಂದೆ ತಗೊಂಡು ಹೋಗ್ತೇನೆ.

ಇಬ್ರಾದ ಹೊರಗೆ ಒಂದು ಸಣ್ಣ ರೇಡಿಯೋ ಸ್ಟೇಷನ್ ಉಂಟು. ಎರಡು ರೂಮು, ಒಂದು ಎಸಿ, ಹಿಂದೆ ಎಎಂ ಪ್ರಸಾರದ ಕಂಬ. ವಾರವಿಡೀ ಅರಬಿ. ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ ನಮ್ಮವರದ್ದು. ಅದನ್ನು ನಡೆಸುವವರು ಸದಾನಂದಣ್ಣ. ವಾರದಲ್ಲಿ ಐದು ದಿನ ಟೈಪಿಂಗ್ ಸೆಂಟರಿನಲ್ಲಿ ವೀಸಾ ಫಾರ್ಮ್ ತುಂಬಿಸುವ ಜನ. ಶುಕ್ರವಾರ ಮೈಕ್ ಹಿಡಿದ್ರೆ ಹಿಂದಿ, ಕನ್ನಡ, ಮಲಯಾಳ, ನಡುನಡುವೆ ತುಳು. ಹಾಡು ಕಡಿಮೆ, ಮಾತು ಜಾಸ್ತಿ. ಕೊನೆಗೆ ಒಂದು ಲಿಸ್ಟ್ ಓದ್ತಾರೆ. ಈ ವಾರ ಯಾರು ಊರಿಗೆ ಹೋಗ್ತಾರೆ, ಯಾವ ಫ್ಲೈಟು, ಬ್ಯಾಗಿನಲ್ಲಿ ಎಷ್ಟು ಕಿಲೋ ಜಾಗ ಖಾಲಿ ಉಂಟು.

ನಗ್ಬೇಡಿ. ಗಲ್ಫಿನಲ್ಲಿದ್ದವರಿಗೆ ಅದು ಎಂತ ಅಂತ ಗೊತ್ತುಂಟು. ಊರಿಗೆ ಹೋಗುವವನ ಬ್ಯಾಗಿನಲ್ಲಿ ಅರ್ಧ ಸಾಮಾನು ಅವನದ್ದಲ್ಲ. ಒಬ್ಬನ ಅತ್ತರು, ಒಬ್ಬನ ಮಾತ್ರೆ, ಒಬ್ಬನ ಮಗುವಿನ ಶೂ. ಹೇಳಿ, ಇದಕ್ಕಿಂತ ದೊಡ್ಡ ನ್ಯೂಸ್ ನಮಗೆ ಯಾವುದು?

ಹಮೀದಾಕ ಆ ಲಿಸ್ಟಿಗೇ ಕಾಯುವವರು. ಫೋನ್ ಇಲ್ವಾ ಅಂತ ಕೇಳ್ತೀರಿ. ಉಂಟು. ಸಿಗ್ನಲ್ ಬೇಕಾದ್ರೆ ಹಿಂದಿನ ಬಂಡೆ ಹತ್ಬೇಕು, ಆ ಮಂಡಿ ಹಿಡ್ಕೊಂಡು. ಓದ್ಲಿಕ್ಕೆ ಬರುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಬರುವುದು ಗುಡ್ ಮಾರ್ನಿಂಗ್ ಹೂವು. ರೇಡಿಯೋ ಆದ್ರೆ ಈರುಳ್ಳಿ ತೂಗ್ತಾ ಕೇಳ್ಬಹುದು.

ಎಎಂ ಕಂಬಕ್ಕೆ ವಯಸ್ಸಾಯ್ತು. ಪಾರ್ಟ್ಸ್ ಸಿಗುದಿಲ್ಲ. ಕರೆಂಟ್ ಕುಡಿಯುವುದು ಒಂಟೆಯ ಹಾಗೆ. ಎಲ್ಲ ಮನೆಗೂ ಎಲ್‌ಇಡಿ ಬಲ್ಬ್ ಬಂದ ಮೇಲೆ ಟೌನಿನೊಳಗೆ ಗರಗರ ಸೌಂಡ್ ಬೇರೆ. ಹಾಗೆ ನಮ್ಮ ಕಂಪೆನಿಗೆ ಕೆಲಸ ಬಂತು: ಒಂದು ಎಫ್‌ಎಂ ಟ್ರಾನ್ಸ್‌ಲೇಟರ್ ಹಾಕಿ ಅಂತ. (ಭಾಷೆ ಬದಲಿಸುವ ಮಿಷಿನ್ ಅಲ್ಲ. ಸ್ಟೇಷನಿನ ಪ್ರೋಗ್ರಾಮನ್ನೇ ಲಿಂಕಿನಲ್ಲಿ ತಗೊಂಡು ಎಫ್‌ಎಂನಲ್ಲಿ ಬಿಡುವ ಸಣ್ಣ ಡಬ್ಬಿ.) ಗುಡ್ಡದ ಟೌನಿನ ಬದಿಯಲ್ಲಿ ಹಾಕಿದೆವು. ಸೌಂಡ್ ಗಾಜಿನ ಹಾಗೆ ಕ್ಲಿಯರ್.

ಸ್ಟೇಷನ್ ಒಬ್ಬ ಮುದುಕ ಅರಬಾಬನದ್ದು, ಅಂದ್ರೆ ಧಣಿಯದ್ದು. ಕೋಲು ಹಿಡ್ಕೊಂಡು ಬಂದು ನಿಂತು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದ. "ಗುಡ್ಡದ ಹಿಂದಿನ ವಾದಿಯಲ್ಲಿ ಕೇಳ್ತದಾ? ಅಲ್ಲಿ ಕೇಳುದಿಲ್ಲ ಅಂದ್ರೆ ಎಎಂ ಬಂದ್ ಮಾಡುದಿಲ್ಲ. ಹೇಗಾದ್ರೂ ಎಳಿತೇನೆ."

ಅದನ್ನು ಚೆಕ್ ಮಾಡುವ ಕೆಲಸ ನಂದು. ಫಾರ್ಮಿನಲ್ಲಿ ಆರು ಜಾಗ. ಪಿಕಪ್ಪಿನಲ್ಲಿ ಹೋಗಿ ರೇಡಿಯೋ ಹಾಕಿ, ಕೇಳಿ, ಬರಿಬೇಕು. ನಾಲ್ಕು ಜಾಗ ಮಾಡಿದೆ. ಐದನೆಯದ್ದು ಮತ್ತು ಆರನೆಯದ್ದು ಒಳಗಿನ ಕಲ್ಲು ರಸ್ತೆ. ಆರನೆಯದ್ದೇ ಆ ವಾದಿ. ಗುರುವಾರ ಮಧ್ಯಾಹ್ನ, ಬಿಸಿಲು ಸುಡ್ತಾ ಉಂಟು. ಸಂಜೆ ಮಸ್ಕತ್ತಿನ ಅಲ್ ಅಜೈಬಾದಲ್ಲಿ ನಮ್ಮ ಹುಡುಗರ ಕ್ರಿಕೆಟ್. ನಾನು ಓಪನಿಂಗ್ ಬ್ಯಾಟ್ಸ್‌ಮನ್.

ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿ, ಸಮೋಸ ತಿಂತಾ, ಎರಡು ಕಡೆನೂ ಓಕೆ ಅಂತ ಬರೆದೆ. ಸಹಿ ಹಾಕಿದೆ.

ಅರಬಾಬ್ ಪುನಃ ಕೇಳಿದ. "ವಾದಿ?"

"ಮಿಯಾ ಮಿಯಾ," ಅಂದೆ. ನೂರಕ್ಕೆ ನೂರು ಅಂತ. ಅರಬಿ ನನಗೆ ಬರುವುದು ಅಷ್ಟೇ. ಸುಳ್ಳು ಹೇಳ್ಲಿಕ್ಕೆ ಅಷ್ಟು ಸಾಕಾಯ್ತು.

ಎಫ್‌ಎಂ ಅಂದ್ರೆ ಟಾರ್ಚ್ ಲೈಟಿನ ಹಾಗೆ. ಗುಡ್ಡ ಅಡ್ಡ ಬಂದ್ರೆ ಖಲಾಸ್. ಎಎಂ ಹಾಗಲ್ಲ, ನೆಲ ಹಿಡ್ಕೊಂಡು ಹೋಗ್ತದೆ, ಗುಡ್ಡ ಬಳಸಿ ಆಚೆ ಮುಟ್ತದೆ. ಇದು ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಇದಕ್ಕೆ ಡಿಗ್ರಿ ಬೇಡ. ಮನಸ್ಸಿರ್ಲಿಲ್ಲ, ಅಷ್ಟೇ.

ಮುಂದಿನ ತಿಂಗಳು ಎಎಂ ಬಂದ್. ಕಂಬ ಇಳಿಸ್ಲಿಕ್ಕೂ ನಮ್ಮನ್ನೇ ಕಳಿಸಿದ್ರು. ಇಳಿಸಿ, ಕಟ್ಟರಿನಲ್ಲಿ ಕೊಯ್ದು, ಗುಜರಿಗೆ ಲೋಡ್ ಮಾಡಿದೆವು. ಸದಾನಂದಣ್ಣ ಬಾಗಿಲಲ್ಲಿ ನಿಂತು ನೋಡ್ತಾ ಇದ್ರು. "ಎಷ್ಟು ಚಂದ ಕೊಯ್ತಿ ಮಾರಾಯ, ಬದನೆಕಾಯಿ ಕೊಯ್ದ ಹಾಗೆ," ಅಂದ್ರು. ಹೊಗಳಿಕೆ ಅಂತ ಅಂದ್ಕೊಂಡು ನಗಾಡಿದೆ.

ಅದಾದ ಮೇಲೆ ಬೇರೆ ಕೆಲಸ, ಬೇರೆ ಟವರ್. ಎಷ್ಟೋ ತಿಂಗಳು ಬಿಟ್ಟು ಆ ದಿನ ಮೊಬೈಲ್ ಟವರಿನ ಜಾಗ ನೋಡ್ಲಿಕ್ಕೆ ವಾದಿ ಕಡೆ ಹೋದದ್ದು. ಚಾ ಕುಡಿಯುವ ಅಂತ ಅಂಗಡಿಗೆ ಹೋದ್ರೆ ಕೈಗೆ ರೇಡಿಯೋ ಬಂತು.

"ಹೇಗಾದ್ರೂ ಸರಿ ಮಾಡು," ಹಮೀದಾಕ ಅಂದ್ರು. "ಅಗೋ, ಆ ಬಾಕ್ಸ್ ಕಾಯ್ತಾ ಉಂಟು."

ಕೌಂಟರಿನ ಅಡಿಯಲ್ಲಿ ಒಂದು ರಟ್ಟಿನ ಬಾಕ್ಸ್. ಟೇಪ್ ಸುತ್ತಿ, ಹಗ್ಗ ಕಟ್ಟಿ, ಮಾರ್ಕರಿನಲ್ಲಿ ಯಾರಿಂದಲೋ ಬರೆಸಿದ ಹೆಸರು: ಸಫಿಯಾ. ಅವರ ಮಗಳು.

ಒಳಗೆ ಎಂತ? ಜರಿ ಕೆಲಸದ ಹಸಿರು ಡ್ರೆಸ್. ಇಬ್ರಾದಲ್ಲಿ ಬುಧವಾರ ಹೆಂಗಸರದ್ದೇ ಸೂಕ್, ಅಂದ್ರೆ ಸಂತೆ. ಗಂಡಸರಿಗೆ ಒಳಗೆ ಜಾಗ ಇಲ್ಲ. ಹಮೀದಾಕ ತನ್ನ ಗಿರಾಕಿ ಒಂದು ಒಮಾನಿ ಅಜ್ಜಿಯನ್ನು ಕಳಿಸಿ ತರಿಸಿದ್ದಂತೆ. ಅಜ್ಜಿಗೆ ಅಳತೆ ಹೇಗೆ ಹೇಳುವುದು? ಅಂಗಡಿಗೆ ಬಂದ ಅವಳ ಮೊಮ್ಮಗಳನ್ನು ತೋರಿಸಿ, "ಇವಳಷ್ಟೇ, ಒಂದು ಗೇಣು ಉದ್ದ," ಅಂದ್ರಂತೆ. ಮದುವೆಯ ಮದರಂಗಿ ದಿನ ಮಗಳು ಹಾಕ್ಬೇಕು ಅಂತ. ತಾನು ಹೋಗ್ಲಿಕ್ಕಿಲ್ಲ. ಬದಲಿಗೆ ಜನ ಸಿಗ್ಲಿಲ್ಲ ಅಂತ ಕಫೀಲ್, ಅಂದ್ರೆ ವೀಸಾ ಕೊಟ್ಟ ಧಣಿ, ರಜೆ ಮುಂದೆ ಹಾಕಿದ್ದ. ಡ್ರೆಸ್ ಆದ್ರೂ ಹೋಗ್ಲಿ ಅಂತ.

"ಕಾರ್ಗೋದಲ್ಲಿ ಹಾಕ್ಬಹುದಿತ್ತಲ್ಲ ಹಮೀದಾಕ?"

"ಒಮ್ಮೆ ಹಾಕಿದ್ದೆ. ಯಾರದ್ದೋ ಅತ್ತರು ಒಡೆದು ನನ್ನ ಬಟ್ಟೆಯೆಲ್ಲ ಕಲೆ. ಇದು ಮಗಳದ್ದು, ಕೈಯಿಂದ ಕೈಗೇ ಹೋಗ್ಬೇಕು. ಪ್ರತಿ ಶುಕ್ರವಾರ ಕಿವಿ ಕೊಟ್ಟು ಕೂತೆ. ಬರೀ ಸೊಂಯ್ಯ್. ಆಮೇಲೆ ಗೊತ್ತಾಯ್ತು, ಆಚೆ ಹಳ್ಳಿಯ ಟೈಲರ್ ಊರಿಗೆ ಹೋಗಿ ಬಂದನಂತೆ, ಹದಿನೈದು ಕಿಲೋ ಖಾಲಿ ಇತ್ತಂತೆ. ಅವನ ಹೆಸರೂ ರೇಡಿಯೋದಲ್ಲಿ ಬಂದಿತ್ತಂತೆ. ನಂದೇ ಗ್ರಹಚಾರ, ಈ ಸೆಟ್ ಸರಿ ಇಲ್ಲ."

ಸೆಟ್ ಸರಿ ಇಲ್ಲ! ಮುಚ್ಚಳ ಹಾಕಿದೆ. ಸ್ಕ್ರೂ ಟೈಟ್ ಮಾಡಿದೆ. ನಾಲ್ಕು ಸ್ಕ್ರೂಗೆ ಯಾವತ್ತೂ ಅಷ್ಟು ಹೊತ್ತು ತಗೊಂಡವನಲ್ಲ ನಾನು.

"ಸೆಟ್ ಸರಿ ಉಂಟು ಹಮೀದಾಕ. ಎರಡೂ ಸರಿ ಉಂಟು. ಎಎಂ ಬಂದ್ ಮಾಡಿದ್ದಾರೆ. ಈಗ ಎಫ್‌ಎಂ ಮಾತ್ರ, ಅದು ಇಲ್ಲಿಗೆ ಬರುದಿಲ್ಲ."

"ಯಾಕೆ ಬಂದ್ ಮಾಡಿದ್ರು? ಇಲ್ಲಿ ನಾವಿದ್ದೇವಲ್ಲ?"

"ಇಲ್ಲಿ ಎಫ್‌ಎಂ ಕೇಳ್ತದೆ ಅಂತ ಒಬ್ಬ ಬರೆದು ಕೊಟ್ಟ."

"ಯಾವ ಬೇವರ್ಸಿ?"

"ನಾನು."

ಬೈತಾರೆ ಅಂತ ಕಾದೆ. ಬೈದಿದ್ರೆ ಚಂದ ಇತ್ತು. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಹಮೀದಾಕ ಅವನಿಗೆ ಒಂದು ಕಿಲೋ ಈರುಳ್ಳಿ ತೂಗಿ ಕೊಟ್ರು. ಅವನು ಹೋದ ಮೇಲೆ ಬಾಕ್ಸನ್ನು ಕಾಲಿನಿಂದ ಸ್ವಲ್ಪ ಒಳಗೆ ತಳ್ಳಿದ್ರು.

"ಕೊಡಿ, ನಾನು ಕಳಿಸ್ತೇನೆ," ಅಂದೆ. "ಅಲ್ ಅಜೈಬಾದಲ್ಲಿ ನನ್ನ ರೂಮಿನವ ನಾಡಿದ್ದು ಹೋಗ್ತಾನೆ. ಕೈಯಿಂದ ಕೈಗೆ. ಅರ್ಜೆಂಟ್ ಕಳಿಸ್ತೇನೆ."

"ಮೆಲ್ಲ ಕಳಿಸು," ಅಂದ್ರು. "ನಿಕಾಹ್ ಆಗಿ ಹತ್ತು ದಿನ ಆಯ್ತು."

ಆಮೇಲೆ ಚಾ ಕೊಟ್ರು. ಅದೇ ಫ್ರೀ ಚಾ.

ಬಾಕ್ಸ್ ಹಾಕ್ಕೊಂಡು ಸೀದಾ ಸ್ಟೇಷನಿಗೆ ಹೋದೆ. ಅರಬಾಬ್ ಸೋಫಾದಲ್ಲಿ ಕೂತಿದ್ದ. ಎಲ್ಲ ಹೇಳಿದೆ, ಹಿಂದಿಯಲ್ಲಿ, ಅರ್ಧ ಕೈಯಲ್ಲಿ. ಎಎಂ ಪುನಃ ಹಾಕಿ ಅಂದೆ. ಅವನು ಕೋಲಿನಿಂದ ಹಿಂದಿನ ಅಂಗಳ ತೋರಿಸಿದ. ಕಂಬ ಇದ್ದಲ್ಲಿ ಕಾಂಕ್ರೀಟಿನ ತುಂಡು, ಅದರ ಮೇಲೆ ಒಂದು ಆಡು ಮಲಗಿತ್ತು. "ಮಿಯಾ ಮಿಯಾ," ಅಂದ. ನನ್ನ ಮುಖ ಕೂಡ ನೋಡ್ಲಿಲ್ಲ.

ಸದಾನಂದಣ್ಣ ಹೊರಗೆ ಬಂದ್ರು. ಮೊದಲು ಶುಕ್ರವಾರ ಫೋನ್ ಇಡ್ಲಿಕ್ಕೆ ಪುರುಸೊತ್ತಿರ್ಲಿಲ್ಲ ಅಂತೆ. ತೋಟದವರು, ಒಂಟೆ ನೋಡುವವರು, ಒಳಗಿನ ಅಂಗಡಿಯವರು, ಎಲ್ಲಾ ಗುಡ್ಡದ ಆಚೆಯವರೇ. ಈಗ ಟೌನಿನವರು ಮಾತ್ರ. ಅವರಿಗೆ ಮಸ್ಕತ್ತಿನ ದೊಡ್ಡ ಎಫ್‌ಎಂಗಳು ಉಂಟು, ಇವರ ಲಿಸ್ಟ್ ಯಾಕೆ?

"ಸೌಂಡ್ ಈಗ ಭಾರೀ ಚಂದ," ಸದಾನಂದಣ್ಣ ಹೇಳಿದ್ರು. "ನನ್ನ ಉಸಿರು ಕೂಡ ಕೇಳ್ತದೆ. ಕೇಳುವವರು ಇಲ್ಲ, ಅಷ್ಟೇ. ಆದ್ರೂ ಲಿಸ್ಟ್ ಓದ್ತೇನೆ."

ಗುಡ್ಡದ ತುದಿಯಲ್ಲಿ ಇನ್ನೊಂದು ಡಬ್ಬಿ ಹಾಕಿದ್ರೆ ವಾದಿಗೆ ಮುಟ್ತದೆ. ನಾನು ಹತ್ತಿ ಹಾಕ್ತೇನೆ, ಸಂಬಳ ಬೇಡ ಅಂದೆ. ಪರ್ಮಿಟ್ ಬೇಕಂತೆ. ಪರ್ಮಿಟಿಗೆ ಅರ್ಜಿ ಹಾಕಿದ್ರೆ ಮೊದಲು ಹಳೇ ರಿಪೋರ್ಟ್ ನೋಡ್ತಾರಂತೆ. ಹಳೇ ರಿಪೋರ್ಟಿನಲ್ಲಿ ವಾದಿ ಓಕೆ. ಸಹಿ ಯಾರದ್ದು ಅಂತ ಹೇಳ್ಬೇಕಾ?

ರಿಪೋರ್ಟ್ ತಪ್ಪು ಅಂತ ಕಂಪೆನಿಗೆ ಬರೆದು ಕೊಟ್ಟಿದ್ದೇನೆ. ಸೂಪರ್‌ವೈಸರ್, "ಯಾಕೆ ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ತಿ? ಮಾತಾಡ್ಬೇಡ," ಅಂದ. ಕಾಗದ ಅವನ ಟೇಬಲಿನಲ್ಲೇ ಉಂಟು. ನೋಡುವ.

ಬಾಕ್ಸ್ ಊರಿಗೆ ಮುಟ್ಟಿತು. ಹಮೀದಾಕ ಬಂಡೆ ಹತ್ತಿ ನನಗೆ ಫೋನ್ ಮಾಡಿದ್ರು, ಏದುಸಿರು ಬಿಡ್ತಾ. ಸಫಿಯಾ ಗಂಡನ ಮನೆಯಲ್ಲಿ ಬಿಡಿಸಿ ನೋಡಿದ್ಳಂತೆ. ಅಳತೆ ಸರಿ ಆಗಿದೆಯಂತೆ.

"ಭಾರೀ ಚಂದ ಉಂಟು ಉಪ್ಪ," ಅಂತ ಅಪ್ಪನಿಗೆ ಹೇಳಿದ್ಳಂತೆ. "ಆದ್ರೆ ಇದನ್ನು ಇನ್ನು ಯಾವತ್ತು ಹಾಕುದು?"

ಅವರಿಗೂ ಗೊತ್ತಿರ್ಲಿಲ್ಲ. ನನ್ನನ್ನು ಕೇಳಿದ್ರು.