ಕೊಟ್ರವ್ವನ ಎರಡು ನಿಮಿಷ

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇದೆ. ಬೋರ್ಡಿನ ಮೇಲಿರುವುದು ಮಾಲತೇಶಪ್ಪನ ಹೆಸರು. ಆದರೆ ಆ ಹೆಸರು ಹಿಡಿದು ದಾರಿ ಕೇಳಿದರೆ ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ಕೊಟ್ರವ್ವನ ಖಾನಾವಳಿ ಎಂದರೆ ಮಾತ್ರ ಹಮಾಲರು ಮೂಟೆ ಹೊತ್ತುಕೊಂಡೇ ಗದ್ದದಲ್ಲಿ ದಿಕ್ಕು ತೋರಿಸುತ್ತಾರೆ. ಮಾಲತೇಶಪ್ಪನದು ಗಲ್ಲೆಯ ಮುಂದೆ ಕೂರುವ ಕೆಲಸ, ಉಳಿದದ್ದೆಲ್ಲ ಹೆಂಡತಿಯದು. ಬೆಳಗಿನ ಐದಕ್ಕೆ ಒಲೆ ಹೊತ್ತಿತೆಂದರೆ ಮಧ್ಯಾಹ್ನ ಮೂರೂವರೆಯವರೆಗೂ ಕೊಟ್ರವ್ವನ ಕೈ ರೊಟ್ಟಿ ಬಡಿಯುತ್ತಲೇ ಇರುತ್ತದೆ.

ಹದಿನಾಲ್ಕರಲ್ಲಿ ಮದುವೆಯಾಗಿ ಹರಿಹರದ ಆಚೆಯ ಕೊಕ್ಕನೂರಿಗೆ ಸೊಸೆಯಾಗಿ ಹೋದವಳು ಅವಳು. ಈಗ ಐವತ್ತನಾಲ್ಕು. ಈ ನಲವತ್ತು ವರ್ಷವೂ ಅವಳ ಕೆಳದುಟಿಯ ಒಳಗೆ ಒಂದು ಚಿಟಿಕೆ ಕಡ್ಡಿಪುಡಿ ಕೂತಿತ್ತು. ತಂಬಾಕಿನ ಪುಡಿ, ಅದಕ್ಕೊಂದಿಷ್ಟು ಸುಣ್ಣ. ಉಗುಳಿದ ಮೇಲೆ ಇನ್ನೊಂದು ಚಿಟಿಕೆ. ಊರಲ್ಲಿ ಅರ್ಧಕ್ಕರ್ಧ ಹೆಂಗಸರ ಸೊಂಟದಲ್ಲಿ ಆ ಡಬ್ಬಿ ಇರುತ್ತಿತ್ತು. ಯಾರೂ ಅದನ್ನು ಚಟ ಎನ್ನುತ್ತಿರಲಿಲ್ಲ. ಯಾಕೆ ಶುರುವಾಯಿತು ಎಂದು ಕೇಳಿದವರಿಗೆ ಕೊಟ್ರವ್ವನ ಬಳಿ ಒಂದೇ ಉತ್ತರವಿತ್ತು: ಸಣ್ಣವಳಿದ್ದಾಗ ಹಲ್ಲುನೋವು, ಅತ್ತೆ ಮದ್ದು ಅಂತ ಇಟ್ಟಳು.

ಹೋದ ವರ್ಷ ಖಾರ ತಾಗಿದರೆ ತುಟಿಯ ಒಳಗೆ ಉರಿ ಏಳತೊಡಗಿತು. ಶಾಮನೂರಿಗೆ ಕೊಟ್ಟಿದ್ದ ಮಗಳು ರಶ್ಮಿ ಒಂದು ದಿನ ತುಟಿ ಮಗುಚಿ ನೋಡಿ, ಒಳಗೆ ಬಿಳಿ ಮಚ್ಚೆ ಕಂಡು, ತಾಯಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹಲ್ಲಿನ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ, ಸದ್ಯಕ್ಕೆ ಕೆಟ್ಟದ್ದೇನೂ ಆಗಿಲ್ಲ, ಪುಡಿ ಬಿಡದಿದ್ದರೆ ಆಗುತ್ತದೆ ಎಂದರು. ಹಾಗೆಂದು ಪಕ್ಕದ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿ ಸಬಾ ಇದ್ದಳು. ಚಟ ಬಿಡುವವರಿಗೆ ಸಲಹೆ ಹೇಳುವುದು ಅವಳ ಕೆಲಸ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ, ಮೆತ್ತನೆ ದನಿ. ಅವಳು ಗುಳಿಗೆ ಕೊಡಲಿಲ್ಲ, ಇಂಜೆಕ್ಷನ್ ಕೊಡಲಿಲ್ಲ; ಬಾಯಾಡಿಸಲು ಲವಂಗ, ಸೋಂಪು ಇಟ್ಟುಕೊಳ್ಳಿ ಎಂದಳು. ಆಮೇಲೆ, ದಿನಾ ಒಲೆ ಆರಿಸಿದ ಮೇಲೆ ಎರಡು ನಿಮಿಷ ಕೂತು ಅವತ್ತಿನ ದಿನವನ್ನು ಹಿಂತಿರುಗಿ ನೋಡಬೇಕು ಎಂದಳು. ಪುಡಿ ಬೇಕು ಅನ್ನಿಸಿದ್ದು ಯಾವಾಗ, ಅದಕ್ಕೆ ಮುಂಚೆ ಏನು ನಡೆದಿತ್ತು, ಆಗ ಏನು ಮಾಡಿದಿರಿ, ಮನಸ್ಸು ಹೇಗಿತ್ತು. ಬರೆಯಲು ಬಾರದಿದ್ದರೆ ಚಿಂತೆಯಿಲ್ಲ, ಮೊಬೈಲಿನಲ್ಲಿ ಮಾತಾಡಿ ಕಳಿಸಿದರೆ ಸಾಕು.

ಕೊಟ್ರವ್ವನಿಗೆ ಅಲ್ಲೇ ರೇಗಿತು. ಹೊರಗೆ ಬಂದು ಮಗಳ ಮೇಲೆ ಹರಿಹಾಯ್ದಳು. ರೋಗ ಇರುವುದು ತುಟಿಯಲ್ಲಿ, ಈ ಹುಡುಗಿ ಮನಸ್ಸು ಹೆಂಗಿತ್ತು ಅಂತ ಕೇಳುತ್ತಾಳೆ. ಮನಸ್ಸಿಗೆ ಹೆಂಗಿರಲಿಕ್ಕೆ ಪುರಸೊತ್ತು ಎಲ್ಲಿದೆ? ರಶ್ಮಿ ಮೊಬೈಲಿನಲ್ಲಿ ಯಾವ ಗುಂಡಿ ಒತ್ತಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತೋರಿಸಿಕೊಟ್ಟಳು.

ಮೊದಲ ವಾರ ಕೊಟ್ರವ್ವ ಸುಳ್ಳು ಹೇಳಿದಳು. ನಾಲ್ಕಕ್ಕೆ ಒಲೆಯ ಮುಂದಿನ ಮಣೆಯ ಮೇಲೆ ಕೂತು, ಮೊಬೈಲನ್ನು ಬಾಯಿಗೆ ಹಿಡಿದು, ಗಿಳಿ ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದಳು: ಇವತ್ತು ಬೇಕು ಅನ್ನಿಸಲಿಲ್ಲ, ತಗೊಳ್ಳಲಿಲ್ಲ, ಮನಸ್ಸು ಚೊಲೋ ಇತ್ತು, ನಂದಿನ್ನೂ ಊಟ ಆಗಿಲ್ಲ, ಇಡ್ತೀನಿ. ಹೀಗೆ ಹೇಳುವಾಗ ಪುಡಿ ತುಟಿಯೊಳಗೇ ಇರುತ್ತಿತ್ತು. ಎಂಟನೆಯ ದಿನ ಸಬಾಳ ಉತ್ತರ ಬಂತು. ಅದರಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

"ಅಮ್ಮಾ, ಬಾಯಾಗ ಏನೋ ಇಟ್ಕೊಂಡು ಮಾತಾಡ್ದಂಗೆ ಕೇಳ್ತೈತಿ. ಇದ್ರೆ ಐತೆ ಅಂತಾನೇ ಹೇಳ್ರಿ. ನಾನೇನು ಬೈಯಲ್ಲ."

ಕಳ್ಳತನ ಸಿಕ್ಕಿಬಿದ್ದರೆ ಕಳ್ಳನಿಗೆ ಬರುವ ಸಿಟ್ಟೇ ಬೇರೆ. ಮಗಳ ವಯಸ್ಸಿನವಳು, ಅದೂ ಬೈಯುವುದಿಲ್ಲ ಎಂದು ಬೇರೆ ಹೇಳುತ್ತಾಳೆ. ಕೊಟ್ರವ್ವ ಎದ್ದು ಬಚ್ಚಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ಡಬ್ಬಿಯನ್ನು ಮೋರಿಗೆ ಎಸೆದಳು. ಬಿಡುವ ನಿರ್ಧಾರ ಅವಳು ಮಾಡಿದ್ದು ಭಕ್ತಿಯಿಂದಲ್ಲ, ಹೆದರಿಕೆಯಿಂದಲೂ ಅಲ್ಲ. ಆ ಹುಡುಗಿಯ ಬಾಯಿ ಮುಚ್ಚಿಸಬೇಕು ಎಂಬ ಹಟದಿಂದ.

ಆಮೇಲಿನ ದಿನಗಳು ಯಾರಿಗೂ ಬೇಡ. ತಲೆ ಸಿಡಿಯುತ್ತಿತ್ತು. ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತಿತ್ತು. ಪಲ್ಯಕ್ಕೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ಇಪ್ಪತ್ತು ವರ್ಷದಿಂದ ಅವಳ ಕೈಯಲ್ಲಿ ಉಣ್ಣುತ್ತಿದ್ದ ಹಮಾಲ ಭರಮಣ್ಣ ಒಮ್ಮೆ ಇನ್ನೊಂದು ಸೌಟು ಪಲ್ಯ ಕೇಳಿದ್ದಕ್ಕೆ ಪಾತ್ರೆಯನ್ನೇ ಅವನ ಮುಂದೆ ಕುಕ್ಕಿದಳು. ಮಾಲತೇಶಪ್ಪ ಗಲ್ಲೆಯಿಂದಲೇ, ಇದಕ್ಕಿಂತ ಆ ಪುಡಿನೇ ಬೇಕಿತ್ತು ಎಂದು ಗೊಣಗಿದ. ಆ ಮಾತು ಅವಳ ಕಿವಿಗೆ ಬಿದ್ದು, ಎರಡು ದಿನ ಅವನಿಗೆ ತಣ್ಣನೆಯ ರೊಟ್ಟಿಯೇ ಗತಿಯಾಯಿತು.

ಇಷ್ಟರ ನಡುವೆ ನಾಲ್ಕಕ್ಕೆ ಆ ಎರಡು ನಿಮಿಷ. ಈಗ ಸುಳ್ಳು ಹೇಳುವಂತಿಲ್ಲ, ಹೇಳಲು ನಿಜವೂ ಹೆಚ್ಚಿಗೆ ಇಲ್ಲ. ಬೇಕು ಅನ್ನಿಸಿತು, ಹನ್ನೆರಡಕ್ಕೆ ಅನ್ನಿಸಿತು, ಎರಡಕ್ಕೆ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ. ಮುಂಚೆ ಏನು ನಡೆದಿತ್ತು ಎಂದರೆ ರೊಟ್ಟಿ ಬಡಿಯುವುದು ನಡೆದಿತ್ತು. ಮನಸ್ಸು ಹೇಗಿತ್ತು ಎಂದರೆ ಅದೂ ರೊಟ್ಟಿ ಬಡಿಯುತ್ತಿತ್ತು. ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ. ಗಾಣದ ಎತ್ತಾದರೂ ಸುತ್ತು ಹಾಕಿದ್ದಕ್ಕೆ ಎಣ್ಣೆ ಬರುತ್ತದೆ, ಇದರಿಂದ ಏನು ಬಂತು ಎಂದು ಅವಳು ಸಬಾಳನ್ನೇ ಕೇಳಿದಳು. ಸಬಾ, ಗೊತ್ತಿಲ್ಲಮ್ಮಾ, ನೋಡ್ತಾ ಇರ್ರಿ ಎಂದಷ್ಟೇ ಹೇಳಿದಳು. ಆ ಉತ್ತರಕ್ಕೂ ಕೊಟ್ರವ್ವನಿಗೆ ರೇಗಿತು. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದರೆ ಅವಳು ಸೋತಂತೆ.

ಪುಡಿ ಬಿಟ್ಟು ಮೂರು ವಾರವಾದ ಮೇಲೆ ಒಂದು ಭಾನುವಾರ, ಖಾನಾವಳಿಗೆ ರಜೆ ಮಾಡಿ, ಅವಳು ಕೊಕ್ಕನೂರಿಗೆ ಹೊರಟಳು. ಅತ್ತೆ ಕೆಂಚವ್ವ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಾಳೆ ಎಂದು ಮೈದುನ ಫೋನು ಮಾಡಿದ್ದ. ಎಂಟರ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಗಂಡನಿಗೆ ಅವಲಕ್ಕಿ ಕಲಸಿಟ್ಟು, ಅತ್ತೆಗೆ ರೊಟ್ಟಿ ಕಟ್ಟಿಕೊಂಡು ಹೊರಟಳು. ಹರಿಹರದಲ್ಲಿ ಇಳಿದು ಬಸ್ಸು ಬದಲಿಸಿ ಊರು ಮುಟ್ಟುವಾಗ ಬಿಸಿಲು ಏರಿತ್ತು.

ಕೆಂಚವ್ವನಿಗೆ ಎಂಬತ್ತು ದಾಟಿದೆ. ಕಿರಿಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆಯ ಪಡಸಾಲೆಯಲ್ಲಿ ಕಾಲಿಗೆ ಅರಿಶಿನದ ಪಟ್ಟು ಹಾಕಿಕೊಂಡು ರಾಣಿಯಂತೆ ಕೂತಿದ್ದಳು. ತುಟಿಯೊಳಗೆ ಪುಡಿ, ಪಕ್ಕದಲ್ಲಿ ಡಬ್ಬಿ. ಹಿರಿಸೊಸೆ ತಂದ ರೊಟ್ಟಿ ಮುರಿದು ನೋಡಿ ತೆಳುವಾಗಿದೆ ಎಂದು ಮೆಚ್ಚಿದಳು. ಕೊಟ್ರವ್ವ ತನ್ನ ತುಟಿಯ ಮಚ್ಚೆಯ ಕತೆ ಹೇಳಿ, ಕೊನೆಗೆ ತಡೆಯಲಾರದೆ, ಹಲ್ಲುನೋವಿಗೆ ಅಂತ ನೀನು ಇಟ್ಟ ಮದ್ದು ಇಲ್ಲಿಗೆ ತಂದು ನಿಲ್ಲಿಸಿತು ನೋಡು ಎಂದಳು.

ಮುದುಕಿ ಹುಬ್ಬು ಗಂಟಿಕ್ಕಿದಳು.

"ನಿನಗ್ಯಾವ ಹಲ್ಲುನೋವೇ? ಹೊಟ್ಟೆ ಹಸಿದು ಅಳ್ತಿದ್ದಿ ನೀನು. ಗಂಡಸ್ರು, ಮಕ್ಳು ಉಂಡು ಏಳೋಮಟ ಸೊಸೆ ಉಣ್ಣಂಗಿಲ್ಲಲ್ಲ. ಒಂದು ಚಿಟಿಕೆ ಇಟ್ರೆ ಹಸಿವು ಸಾಯ್ತೈತೆ, ಸುಮ್ಮನಿರ್ತಾಳೆ ಅಂತ ಇಟ್ಟೆ."

"ಹಸಿವಿಗಾ ಅತ್ತೀ?"

"ನನಗೂ ನಮ್ಮತ್ತಿ ಹಂಗೇ ಇಟ್ಟಿದ್ದು. ಮತ್ತೇನ್ ಮಾಡ್ಬೇಕಿತ್ತು ನಾನು?"

ಇದನ್ನು ಹೇಳುವಾಗ ಅವಳ ಮುಖದಲ್ಲಿ ತಪ್ಪು ಮಾಡಿದ ಭಾವವಿರಲಿಲ್ಲ, ಬಚ್ಚಿಡುವ ಭಾವವೂ ಇರಲಿಲ್ಲ. ಮಾತು ಮುಗಿಸಿ, ಡಬ್ಬಿ ತೆರೆದು, ಅಂಗೈಯಲ್ಲಿ ಪುಡಿಗೆ ಸುಣ್ಣ ಸೇರಿಸಿ ತಿಕ್ಕಿ, ಅರ್ಧ ತನ್ನ ತುಟಿಗೆ ಇಟ್ಟುಕೊಂಡು ಇನ್ನರ್ಧವನ್ನು ಸೊಸೆಯ ಕಡೆ ಚಾಚಿದಳು. ಬಿಟ್ಟಿದ್ದೀನಿ ಎಂದು ಆಗಷ್ಟೇ ಹೇಳಿದ್ದ ಕೊಟ್ರವ್ವ ಕೈ ಒಡ್ಡಿದಳು. ಯಾಕೆ ಒಡ್ಡಿದಳೋ ಅವಳಿಗೇ ತಿಳಿಯದು. ಅತ್ತೆ ಕೊಟ್ಟದ್ದನ್ನು ಬೇಡ ಎಂದು ಆ ಕೈಗೆ ಅಭ್ಯಾಸವೇ ಇರಲಿಲ್ಲ. ತುಟಿಯೊಳಗೆ ಪುಡಿ ಕೂತ ಕೂಡಲೇ ಮೈಯೆಲ್ಲ ಸಡಿಲಾಯಿತು. ಅದು ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ಅಳು ಬಂದಂತಾಯಿತು.

ಊಟಕ್ಕೆ ನಿಲ್ಲು ಎಂದರೂ ನಿಲ್ಲದೆ, ಬಸ್ಸಿದೆ ಎಂದು ಹೊರಬಿದ್ದಳು. ಹರಿಹರದ ಬಸ್ ನಿಲ್ದಾಣದ ನಲ್ಲಿಯಲ್ಲಿ ನಾಲ್ಕು ಸಲ ಬಾಯಿ ತೊಳೆದಳು. ದಾವಣಗೆರೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಮೈತುಂಬ ಉರಿ. ಅತ್ತೆಯ ಮೇಲೆ, ಈ ದಿನದ ಪುರಾಣ ಒಪ್ಪಿಸಬೇಕಾದ ಆ ಸಬಾಳ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಆ ತನ್ನ ಕೈಯ ಮೇಲೆ. ಹೇಗಿದ್ದರೂ ಹೇಳಲೇಬೇಕು, ಇಲ್ಲೇ ಮುಗಿಸಿಬಿಡೋಣ ಎಂದು ಮೊಬೈಲು ತೆಗೆದು ಒತ್ತಿದರೆ, ಒತ್ತಿದ್ದು ಬೇರೆ ಕಡೆ. ಹಳೆಯದೊಂದು ಮಾತು ಕೇಳಿಸತೊಡಗಿತು. ಅವಳದೇ ದನಿ: ಹನ್ನೆರಡಕ್ಕೆ ಅನ್ನಿಸ್ತು, ಎರಡಕ್ಕೆ ಅನ್ನಿಸ್ತು, ನಂದಿನ್ನೂ ಊಟ ಆಗಿಲ್ಲ, ಇಡ್ತೀನಿ.

ತನ್ನ ದನಿಯನ್ನು ಅವಳು ಹೀಗೆ ಕೇಳಿದ್ದು ಅದೇ ಮೊದಲು. ಎಷ್ಟು ಕರ್ಕಶವಾಗಿದೆ ಎನ್ನಿಸಿತು. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಅದರ ಹಿಂದಿನದನ್ನು ಕೇಳಿದಳು. ಅದರಲ್ಲೂ ಇತ್ತು: ಉಣ್ಣದೆ ಕೂತೀನಿ, ಬೇಗ ಹೇಳಿ ಮುಗಿಸ್ತೀನಿ. ಅದರ ಹಿಂದಿನದರಲ್ಲಿ: ಇನ್ನೂ ಬಾಯಿಗೆ ತುತ್ತು ಇಟ್ಟಿಲ್ಲ. ಮತ್ತೂ ಹಿಂದಿನದರಲ್ಲಿ, ಸುಳ್ಳು ಹೇಳುತ್ತಿದ್ದ ದಿನಗಳದ್ದರಲ್ಲೂ, ಆ ಒಂದು ನಿಜ ಮಾತ್ರ ತಪ್ಪದೆ ಇತ್ತು. ಬಸ್ಸು ದಾವಣಗೆರೆಯ ಅಂಚು ಮುಟ್ಟುವವರೆಗೂ ಅವಳು ಒಂದೊಂದಾಗಿ ಕೇಳುತ್ತಲೇ ಹೋದಳು.

ದಿನಕ್ಕೆ ಎಂಬತ್ತು ಮಂದಿಗೆ ಉಣ್ಣಿಸುವ ಹೆಂಗಸು ಅವಳು. ಯಾರು ಬಾಗಿಲಲ್ಲಿ ಹೆಜ್ಜೆ ಇಟ್ಟರೆ ಎಷ್ಟು ರೊಟ್ಟಿಯ ಹಸಿವು ಎಂದು ಮುಖ ನೋಡಿಯೇ ಹೇಳಬಲ್ಲಳು. ತಾನು ಮಾತ್ರ ಬೆಳಗಿನ ಐದರಿಂದ ಚಹಾದ ಮೇಲೆ ನಿಂತು ನಾಲ್ಕಕ್ಕೆ ಉಣ್ಣುತ್ತಿದ್ದಳು. ಅದು ಹಸಿವು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಹೊಟ್ಟೆ ಕೂಗಿದಾಗಲೆಲ್ಲ ಪುಡಿ ಬೇಕು ಎಂದೇ ಕೇಳಿಸಿತ್ತು. ಇಷ್ಟು ಸಣ್ಣ ಸಂಗತಿ ತಿಳಿಯಲು ನಲವತ್ತು ವರ್ಷ ಬೇಕಾಯಿತೇ ಎಂದು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಅವತ್ತಿನ ಎರಡು ನಿಮಿಷವನ್ನು ಬಸ್ಸಿನಲ್ಲೇ ಹೇಳಿದಳು. ಪಕ್ಕದಲ್ಲಿ ಕೂತವರು ಕೇಳಿಸಿಕೊಂಡರೂ ಲೆಕ್ಕಿಸಲಿಲ್ಲ.

"ಇವತ್ತು ತಗೊಂಡೆ ಕಣವ್ವ. ಅತ್ತಿ ಕೊಟ್ಲು, ತಗೊಂಡೆ. ಸುಳ್ಳು ಹೇಳಂಗಿಲ್ಲ. ಬೆಳಿಗ್ಗಿಂದ ಏನೂ ತಿಂದಿಲ್ಲ ನಾನು. ದಿನಾನೂ ತಿಂದಿರಂಗಿಲ್ಲ. ಮನಸ್ಸು ಹೆಂಗಿತ್ತು ಅಂತ ಕೇಳ್ತೀಯಲ್ಲ, ಹಸಿದಿತ್ತು. ಅಷ್ಟೇ."

ಸಬಾ ಬೈಯಲಿಲ್ಲ, ಹೊಗಳಲೂ ಇಲ್ಲ. ಮನೆಗೆ ಹೋದ ತಕ್ಷಣ ಉಣ್ಣಿ, ನಾಳೆಯಿಂದ ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಅದನ್ನೂ ಹೇಳಿ ಎಂದಳು.

ಮರುದಿನ ಹನ್ನೊಂದೂವರೆಗೆ, ಮೊದಲ ಪಂಕ್ತಿ ಬರುವ ಹೊತ್ತಿಗೆ ಸರಿಯಾಗಿ, ಕೊಟ್ರವ್ವ ಒಲೆ ಸಣ್ಣ ಮಾಡಿ ತಟ್ಟೆ ಹಾಕಿಕೊಂಡು ಕೂತಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಮಾಲತೇಶಪ್ಪನಿಗೆ ದಿಗಿಲಾಯಿತು. ಬಾಗಿಲಲ್ಲಿ ಜನ ನಿಂತಿದ್ದಾರೆ ಎಂದ. ನಿಂದರ್ಲಿ ಎಂದಳು. ಎಲ್ಲರೂ ಉಂಡ ಮೇಲೆ ಉಂಡರಾಗದೇ ಎಂದ. ಅವಳು ತುತ್ತು ನುಂಗಿ, ನೀರು ಕುಡಿದು, ಅವನನ್ನು ಒಮ್ಮೆ ನೋಡಿದಳು. ಅವನು ಮುಖ ತಿರುಗಿಸಿ ಗಲ್ಲೆಯ ಮೇಲಿನ ಧೂಳು ಒರೆಸತೊಡಗಿದ. ಭರಮಣ್ಣನೇ ಎದ್ದು ತಟ್ಟೆಗಳನ್ನು ಹಂಚಿ, ನಿಧಾನ ಉಣ್ಣವ್ವ, ನಾವೇನು ಓಡಿ ಹೋಗಲ್ಲ ಎಂದ.

ಇದರಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಹನ್ನೆರಡರ ಬಯಕೆ ಹತ್ತೇ ದಿನದಲ್ಲಿ ಹೋಯಿತು, ಎರಡರದ್ದು ಕಡಿಮೆಯಾಯಿತು. ಆದರೆ ಹೊಟ್ಟೆಗೆ ಸಂಬಂಧವಿಲ್ಲದ ಬಯಕೆಯೂ ಒಂದಿತ್ತು. ಗಂಡನ ಜೊತೆ ಜಗಳವಾದಾಗ, ಸುಮ್ಮನೆ ಕೂತಾಗ ಬರುತ್ತಿತ್ತು. ಎರಡನೆಯ ತಿಂಗಳಲ್ಲಿ ಇನ್ನೊಮ್ಮೆ ಜಾರಿದಳು. ಪಕ್ಕದ ಹೂವಿನವಳ ಹತ್ತಿರ ಕೇಳಿ ತೆಗೆದುಕೊಂಡಳು. ಅದನ್ನೂ ಹೇಳಿದಳು, ಹೇಳುವಾಗ ತನಗೆ ತಾನೇ ಬೈದುಕೊಂಡಳು. ಮೂರು ತಿಂಗಳ ಮೇಲೆ ಡಾಕ್ಟರು ತುಟಿ ಮಗುಚಿ ನೋಡಿ, ಮಚ್ಚೆ ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ, ಮತ್ತೆ ಬನ್ನಿ ಎಂದರು. ಪೂರ್ತಿ ಯಾವಾಗ ಹೋಗುತ್ತದೆ ಎಂದು ಕೇಳಿದ್ದಕ್ಕೆ ಅವರೂ, ನೋಡೋಣ ಎಂದರು. ಈ ಆಸ್ಪತ್ರೆಯಲ್ಲಿ ಒಬ್ಬರಾದರೂ ಒಂದು ಖಡಾಖಂಡಿತ ಮಾತು ಹೇಳುತ್ತಾರೇನು ಎಂದು ದಾರಿಯುದ್ದಕ್ಕೂ ರಶ್ಮಿಯ ಬೆನ್ನ ಹಿಂದೆ ಕೂತು ವಟಗುಟ್ಟಿದಳು.

ಅವತ್ತೇ ಸಬಾ, ಇನ್ನು ದಿನಾ ಕಳಿಸುವುದು ಬೇಡ, ವಾರಕ್ಕೊಂದು ಸಲ ಸಾಕು, ಉಳಿದ ದಿನ ನಿಮಗೆ ನೀವೇ ಹೇಳಿಕೊಳ್ಳಿ ಎಂದಿದ್ದಳು. ತನಗೆ ತಾನೇ ಮಾತಾಡಿಕೊಳ್ಳಲು ತನಗೇನು ತಲೆ ಕೆಟ್ಟಿದೆಯೇ ಎಂದು ಕೊಟ್ರವ್ವ ಕೇಳಿದಳು. ಆದರೆ ನಾಲ್ಕಾಯಿತೆಂದರೆ ಬಾಯಿ ಸುಮ್ಮನಿರುವುದಿಲ್ಲ. ಹಂಚು ತಿಕ್ಕುತ್ತ, ಇವತ್ತು ಒಂದೇ ಸಲ ಅನ್ನಿಸ್ತು, ಆ ಗಿರಾಕಿ ಬೆಲೆಗೆ ತಕರಾರು ತೆಗೆದನಲ್ಲ ಅವಾಗ, ಲವಂಗ ಹಾಕ್ಕೊಂಡೆ ಎಂದು ಜೋರಾಗಿಯೇ ಹೇಳಿಕೊಳ್ಳುತ್ತಾಳೆ. ಹೊರಗೆ ಗಲ್ಲೆಯ ಮುಂದೆ ಕೂತ ಮಾಲತೇಶಪ್ಪ, ಹೆಂಡತಿ ತನಗೇ ಬೈಯುತ್ತಿದ್ದಾಳೆ ಎಂದುಕೊಂಡು ಅಲ್ಲಿಂದಲೇ, ಆಯ್ತು ಮಾರಾಯ್ತಿ, ಆಯ್ತು ಎನ್ನುತ್ತಾನೆ. ಅವಳು ಅವನನ್ನು ತಿದ್ದಲು ಹೋಗುವುದಿಲ್ಲ.