ಕೈಗೆ ಕೊಡದ ನಾಯಿ

ನಾಯಿಯ ಬಾಲ ಡೊಂಕು ಎಂದು ಮೊದಲು ಹೇಳಿದವನು ಸಿಕ್ಕಿದರೆ ಅವನ ಕಿವಿ ಹಿಂಡುತ್ತೇನೆ. ಡೊಂಕು ಇರುವುದು ಬಾಲದಲ್ಲಲ್ಲ, ಕಲಿಸುವವನಲ್ಲಿ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸಿನಲ್ಲಿ, ನನಗೆ ವೀಸಾ ಕೊಟ್ಟ ಧಣಿ ಕಫೀಲ್‌ನ ಅಂಗಳದಲ್ಲಿ, ಒಂದು ಒಳ್ಳೆಯ ನಾಯಿಯನ್ನು ಕೈಯಾರೆ ಕೆಡಿಸಿ ತಿಳಿದದ್ದು.

ಅವರ ಕಚೇರಿ ನೋಡಿಕೊಳ್ಳುವುದು ನನ್ನ ಕೆಲಸ. ಅವರ ವಿಲ್ಲಾದ ಹಿಂದಿರುವ ಎರಡು ಕೋಣೆಗಳ ಮನೆಯಲ್ಲಿ ನಾನು, ಹೆಂಡತಿ, ಮಗಳು ಇದ್ದೇವೆ. ವೀಸಾ ಅವರದು, ಸೂರು ಅವರದು. ಕೋಪ ಮಾತ್ರ ನನ್ನದು, ಅದು ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಅವರ ಮಗ ಬೇಟೆಯ ತಳಿಯದೆಂದು ಒಂದು ಲ್ಯಾಬ್ರಡಾರ್ ಮರಿ ತರಿಸಿ, ಅದು ಬೆಳೆಯುವ ಹೊತ್ತಿಗೆ ಓದಲು ಹೊರದೇಶಕ್ಕೆ ಹೋಗಿಬಿಟ್ಟ. ಮರಿ ಅಂಗಳದಲ್ಲಿ ಉಳಿಯಿತು.

‘ನಿಮ್ಮೂರಿನಲ್ಲಿ ನಾಯಿ ಪಳಗಿಸುತ್ತಿದ್ದೆ ಅಂತ ಹೇಳಿದ್ದೆಯಲ್ಲ, ನೀನೇ ಕಲಿಸು’ ಎಂದರು ಕಫೀಲ್, ಅರೆ ಹಿಂದಿ ಅರೆ ಅರಬ್ಬಿಯಲ್ಲಿ. ‘ಚಳಿಗಾಲಕ್ಕೆ ಸಿದ್ಧವಾದರೆ ಗೆಳೆಯರ ಜತೆ ಬೇಟೆಗೆ ಕರೆದೊಯ್ಯುತ್ತೇನೆ. ಇಲ್ಲವಾದರೆ ದುಕ್ಮ್ ಯಾರ್ಡಿಗೆ. ಅಲ್ಲಿ ಕಾವಲಿಗೆ ಒಂದು ಬೇಕು.’

ಮಸ್ಕತ್ತಿನಿಂದ ಐದಾರು ಗಂಟೆ ದೂರದ ಆ ಯಾರ್ಡನ್ನು ನಾನು ನೋಡಿದ್ದೆ. ಪೈಪುಗಳ ರಾಶಿ, ಮೈಮೇಲೆ ಮರಳು ಎರಚುವ ಗಾಳಿ, ತಗಡಿನ ತುಂಡಿನ ಕೆಳಗೆ ಎರಡು ಮೊಳದ ಸರಪಳಿ. ಹಿಂದಿದ್ದ ನಾಯಿ ಏನಾಯಿತು ಎಂದು ಕೇಳಿದರೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಹಾಗಾಗಿ ಒಪ್ಪಿದೆ. ನಾಯಿಗೆ ಕಲಿಸಲು ಬರುತ್ತದೆಂದು ಜಂಬ ಕೊಚ್ಚಿದ್ದೂ ಇತ್ತು, ಅದನ್ನು ಮುಚ್ಚಿಡುವುದು ಯಾಕೆ?

ಬೆಳಿಗ್ಗೆ ಐದಕ್ಕೆ ಏಳುವುದು, ಸ್ನಾನ, ದೇವರಿಗೆ ದೀಪ, ಆಮೇಲೆ ನಾಯಿ. ಬಿಸಿಲು ಏರುವ ಮೊದಲು ಒಂದು ಗಂಟೆ. ನನ್ನ ಬಾಯಿಗೆ ಬರುವುದು ತುಳು, ಅದಕ್ಕೂ ತುಳುವಿನಲ್ಲೇ ಕಲಿಸಿದೆ. ಕುಲ್ಲು ಎಂದರೆ ಕೂರಬೇಕು, ಉಂತು ಎಂದರೆ ನಿಲ್ಲಬೇಕು, ಬಲ ಎಂದರೆ ಬರಬೇಕು. ತಿಂಗಳೊಪ್ಪತ್ತಿನಲ್ಲಿ ಕಲಿತುಬಿಟ್ಟಿತು. ಹಳೆಯ ಕಾಲುಚೀಲಕ್ಕೆ ಚಿಂದಿ ತುಂಬಿ ಕಟ್ಟಿ ದೂರ ಎಸೆಯುತ್ತಿದ್ದೆ. ‘ಪೋ’ ಎನ್ನುವವರೆಗೆ ಮೈಯೆಲ್ಲ ನಡುಗಿದರೂ ಜಾಗ ಬಿಡುತ್ತಿರಲಿಲ್ಲ. ಓಡಿ ಹೋಗಿ ಕಚ್ಚಿ ತರುತ್ತಿತ್ತು. ಬಾಯಿ ಎಷ್ಟು ಮೃದು ಎಂದರೆ, ಒಮ್ಮೆ ಹಸಿ ಮೊಟ್ಟೆ ಇಟ್ಟು ನೋಡಿದೆ, ಬಿರುಕು ಬಿಡದೆ ಬಂತು.

ತಂದದ್ದನ್ನು ತೆಗೆದುಕೊಳ್ಳುವುದರಲ್ಲಿ ನಾನು ಎಡವಿದೆ. ಬೇಟೆ ನಾಯಿ ತಂದದ್ದನ್ನು ಕೈಗೇ ಕೊಡಬೇಕು. ಮೊದಲ ದಿನ ಕೈ ಚಾಚಿದೆ, ಜೊಲ್ಲು ಮುಂಗೈವರೆಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೋಡಿದಳು.

‘ಈಗಷ್ಟೇ ದೀಪ ಇಟ್ಟ ಕೈ ಮಾರಾಯ್ರೆ. ನಾಯಿಯ ಎಂಜಲು ಮುಟ್ಟಿ ಪುನಃ ಒಳಗೆ ಬರ್ಲಿಕ್ಕುಂಟಾ? ಇದರಲ್ಲಿ ಹಾಕ್ಲಿಕ್ಕೆ ಕಲಿಸಿ’ ಎಂದು ಬಟ್ಟೆ ನೆನೆಸುವ ಹಳೆಯ ನೀಲಿ ಬೇಸಿನ್ ಹೊರಗಿಟ್ಟಳು.

ಹೆಂಡತಿಯ ತಲೆಗೆ ಕಟ್ಟುವುದು ಸುಲಭ. ಅಸಹ್ಯ ನನಗೇ ಆಗಿತ್ತು. ಪಾಠ ಮುಗಿಸಿ ಸ್ನಾನ ಮಾಡಬಹುದಿತ್ತಲ್ಲ ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಎದ್ದ ಕೂಡಲೇ ಮೀಯದೆ ಯಾವ ಕೆಲಸಕ್ಕೂ ಕೈ ಹಾಕದ ಮನೆಯಲ್ಲಿ ಬೆಳೆದವನಿಗೆ ಅದು ಹೊಳೆಯಲೇ ಇಲ್ಲ. ‘ಬುಡು’ ಎಂದರೆ ಬೇಸಿನ್ನಿಗೆ ಹಾಕುವುದು ಎಂದು ಕಲಿಸಿದೆ. ನಾಲ್ಕು ತಿಂಗಳು, ದಿನಕ್ಕೆ ಇಪ್ಪತ್ತು ಸಲ. ನನ್ನ ಕೈ ಶುದ್ಧವಾಗಿ ಉಳಿಯಿತು.

ಪರೀಕ್ಷೆ ನಡೆದದ್ದು ರುಸ್ತಾಕ್‌ನ ಆಚೆ ಕಫೀಲ್‌ನ ಖರ್ಜೂರದ ತೋಟದಲ್ಲಿ, ಒಂದು ಶುಕ್ರವಾರ ಸಂಜೆ. ಗೆಳೆಯರು ನಾಲ್ಕೈದು ಜನ ಚಾಪೆಯ ಮೇಲೆ ಕಾಫಿ ಕುಡಿಯುತ್ತಿದ್ದರು. ನಾವು ಮೂವರೂ ಹೋಗಿದ್ದೆವು. ಹಿಡಿದದ್ದನ್ನು ಮೂರು ಸಲ ತಿನ್ನದೆ ತಂದುಕೊಟ್ಟರೆ ಅದು ಕಲಿತ ನಾಯಿ, ಅದು ತಂದದ್ದು ತಿನ್ನಲು ಹಲಾಲ್ ಎಂದು ಕಫೀಲ್ ನನಗೆ ವಿವರಿಸಿದರು. ತಮ್ಮದೇ ಗೂಡಿನ ಪಾರಿವಾಳವೊಂದನ್ನು ಕುಯ್ದು ಹುಲ್ಲುಗಾವಲಿನತ್ತ ಎಸೆದರು. ಬೇಕಾದ ಮಾತುಗಳನ್ನು ಮೊದಲೇ ಅವರಿಗೆ ಹೇಳಿಕೊಟ್ಟಿದ್ದೆ.

‘ಪೋ’ ಎಂದರು. ನಾಯಿ ಹೋಯಿತು. ಪಾರಿವಾಳವನ್ನು ಒಂದು ಗರಿಯೂ ಮುರಿಯದಂತೆ ಹಿಡಿದು ನೆಟ್ಟಗೆ ಅವರೆದುರು ಬಂದು ನಿಂತಿತು. ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಅವರು ಕೈ ಚಾಚಿದರು. ನಾಯಿ ಮೂತಿ ತಾಗಿಸಿದರೆ ಏಳು ಸಲ ತೊಳೆಯುವವರು, ಮೈಮೇಲಿನ ನಿಲುವಂಗಿ ದಿಶ್‌ದಾಶಕ್ಕೆ ಜೊಲ್ಲು ಹತ್ತಿದರೆ ಒಳಗೆ ಹೋಗಿ ಬೇರೆ ತೊಟ್ಟು ಬರುವವರು. ಬೇಟೆಯ ನಾಯಿ ಎಂದ ಮೇಲೆ ಹಿಂದೆಮುಂದೆ ನೋಡದೆ ಅದರ ಬಾಯಿಗೇ ಕೈ ಒಡ್ಡಿದರು. ಅದನ್ನು ನೋಡಿದ ಕ್ಷಣ ನನಗೆ ತಪ್ಪು ಗೊತ್ತಾಯಿತು.

‘ಬುಡು’ ಎಂದರು. ನಾಯಿ ಕೈ ನೋಡಿತು, ನೆಲ ನೋಡಿತು. ಅವರನ್ನು ಒಂದು ಸುತ್ತು ಹಾಕಿತು. ಚಾಪೆಯ ಸುತ್ತ ಬೇಸಿನ್ ಹುಡುಕಿತು. ಗೆಳೆಯರು ನಗತೊಡಗಿದರು. ಕಫೀಲ್‌ಗೆ ರೇಗಿತು, ಪಾರಿವಾಳದ ರೆಕ್ಕೆ ಹಿಡಿದು ಜಗ್ಗಿದರು. ‘ಎಳೀಬೇಡಿ!’ ಎಂದು ಕೂಗಿದೆ, ಕನ್ನಡದಲ್ಲಿ. ಅದುವರೆಗೆ ಯಾರೂ ಅದರ ಬಾಯಿಂದ ಏನನ್ನೂ ಎಳೆದಿರಲಿಲ್ಲ. ಅದು ಹಲ್ಲು ಬಿಗಿಯಿತು. ಪಾರಿವಾಳ ಹರಿದು ಎರಡಾಯಿತು. ಬಾಯಲ್ಲಿ ಉಳಿದ ಪಾಲನ್ನು ನಾಯಿ ನುಂಗಿಬಿಟ್ಟಿತು.

‘ಖಲಾಸ್’ ಎಂದರು. ‘ಮುಂದಿನ ಶನಿವಾರ ದುಕ್ಮ್‌ಗೆ ಗಾಡಿ ಹೋಗುತ್ತದೆ.’

ಹಿಂದಿರುಗುವ ದಾರಿಯಲ್ಲಿ ಹೆಂಡತಿಯ ಮೇಲೆ ಹಾರಾಡಿದೆ. ನಿನ್ನ ಮಡಿ, ನಿನ್ನ ಬೇಸಿನ್, ನಿನ್ನ ತಲೆ ಎಂದೆಲ್ಲ ಕೂಗಿದೆ. ಹಿಂದಿನ ಸೀಟಿನಲ್ಲಿ ಮಗಳು ‘ಸ್ಟಾಪ್ ಇಟ್, ಪಪ್ಪಾ’ ಎಂದು ಅಳತೊಡಗಿದಳು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: ‘ನಾನು ಹೇಳಿದ್ದು ನನಗೆ ಗೊತ್ತಿದ್ದದ್ದು. ನಾಯಿಗೆ ಕಲಿಸ್ಲಿಕ್ಕೆ ಗೊತ್ತುಂಟು ಅಂತ ಹೇಳಿದ್ದು ನೀವಲ್ವಾ?’ ಇಂಥ ನಿಜ ಕೇಳಿದಾಗ ನನ್ನ ಕೋಪ ಇನ್ನಷ್ಟು ಏರುತ್ತದೆ.

ಆ ವಾರ ಬೇಸಿನ್ನನ್ನು ಒಡೆದು ಎಸೆದೆ. ಮೀಯದೆ, ದೀಪ ಇಡದೆ, ಕತ್ತಲಿರುವಾಗಲೇ ಅಂಗಳಕ್ಕಿಳಿದೆ. ಕಲಿಸಿದ್ದನ್ನು ಮರೆಸುವುದು ಕಲಿಸುವುದಕ್ಕಿಂತ ದೊಡ್ಡ ಪಾಡು. ಮೊದಲೆರಡು ದಿನ ಅದು ಕಾಲುಚೀಲ ಕಚ್ಚಿಕೊಂಡು ಅಂಗಳವೆಲ್ಲ ಅಲೆಯಿತು, ಕೊನೆಗೆ ಮಗಳ ಶೂ ಪಕ್ಕ ತಂದಿಟ್ಟಿತು. ನಾನು ನೆಲದ ಮೇಲೆ ಕೂತು ಅದರ ಗಲ್ಲದ ಕೆಳಗೆ ಎರಡೂ ಅಂಗೈ ಜೋಡಿಸಿ ಕಾಯುತ್ತಿದ್ದೆ. ಬುಧವಾರ ಒಮ್ಮೆ ಕೊಟ್ಟಿತು. ಗುರುವಾರ ಸಂಜೆ ಹತ್ತರಲ್ಲಿ ಒಂಬತ್ತು ಸಲ ಕೊಟ್ಟಿತು. ತೋಳೆಲ್ಲ ಜೊಲ್ಲು. ಹಾಗೇ ಓಡಿದೆ ಕಫೀಲ್ ಬಳಿ.

‘ಅರಬಾಬ್, ಈಗ ಕೈಗೆ ಕೊಡುತ್ತದೆ. ಒಮ್ಮೆ ಬಂದು ನೋಡಿ.’

‘ತಿಂದ ರುಚಿ ಮರೆಯುವುದಿಲ್ಲ. ಇನ್ನು ಬೇಟೆಗೆ ಆಗದು.’

‘ಹಾಗಾದರೆ ನನಗೇ ಕೊಡಿ.’

‘ನನ್ನ ಮನೆಯಲ್ಲೇ ತಾನೇ ನೀನಿರುವುದು?’ ಎಂದರು, ಸಮಾಧಾನವಾಗಿಯೇ. ‘ಬೇಟೆಯದಾದರೆ ಇರಲಿ, ಕಾವಲಿನದಾದರೆ ಇರಲಿ. ಸುಮ್ಮನೆ ಮುದ್ದಿಗೆ ಸಾಕಿದ ನಾಯಿ ಈ ಮನೆಯಲ್ಲಿ ಇರುವಂತಿಲ್ಲ.’

ನಿಮ್ಮ ಮಗ ಮುದ್ದಿಗಲ್ಲದೆ ಮತ್ಯಾಕೆ ತಂದ, ಜಗ್ಗಿ ಹರಿದದ್ದು ನೀವಲ್ಲವೇ ಎಂದು ಕೇಳಬೇಕಿತ್ತು. ಬಡವನ ಕೋಪ ದವಡೆಗೆ ಮೂಲ. ‘ಸರಿ ಅರಬಾಬ್’ ಎಂದು ಹೊರಬಂದೆ. ಆ ಸರಿಯನ್ನು ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ.

ಶನಿವಾರ ಬೆಳಿಗ್ಗೆ ಪಿಕಪ್ ಬಂತು, ಹಿಂದೆ ಕಬ್ಬಿಣದ ಬೋನು. ನಾಯಿ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಪಠಾಣ ಚಾಲಕ ಎಳೆದ, ತಳ್ಳಿದ, ಯಲ್ಲಾ ಯಲ್ಲಾ ಎಂದು ಗದರಿದ, ಕೊನೆಗೆ ಹಗ್ಗದ ತುದಿ ಎತ್ತಿದ. ನನ್ನಿಂದ ನೋಡಲಾಗಲಿಲ್ಲ. ನಾನೇ ಪಿಕಪ್ ಹತ್ತಿ, ಬೋನಿನೊಳಗೆ ಬಗ್ಗಿ ಕೂತು, ‘ಬಲ’ ಎಂದೆ.

ಒಂದೇ ನೆಗೆತಕ್ಕೆ ಬಂತು, ಬಾಲ ಆಡಿಸುತ್ತ. ಕರೆದಾಗ ಬಂದ ನಾಯಿಗೆ ಕೆಡುಕು ಮಾಡಬಾರದು, ಕಲಿಸುವವನಿಗೆ ಅದಕ್ಕಿಂತ ದೊಡ್ಡ ನೇಮವಿಲ್ಲ. ‘ಕುಲ್ಲು’ ಎಂದೆ. ಕೂತಿತು. ನಾನು ಇಳಿದು ಚಿಲಕ ಹಾಕಿದೆ.

ಗಾಡಿ ಹೊರಟಿತು. ಬೊಗಳಲಿ, ಕಂಬಿ ಕಚ್ಚಲಿ ಎಂದು ಕಾದೆ. ತಿರುವಿನವರೆಗೂ ಕೂತೇ ಇತ್ತು, ನನ್ನನ್ನೇ ನೋಡುತ್ತ. ಏಳು ಎನ್ನಲು ಆ ಯಾರ್ಡಿನಲ್ಲಿ ತುಳು ಬಲ್ಲವರು ಒಬ್ಬರೂ ಇಲ್ಲ. ಕಫೀಲ್‌ನ ಮೇಲೆ, ಹೆಂಡತಿಯ ಮೇಲೆ, ನನ್ನ ಮೇಲೆ ಇದ್ದ ಕೋಪವೆಲ್ಲ ಆಗ ನಾಯಿಯ ಮೇಲೆ ತಿರುಗಿತು. ಒಂದೇ ಒಂದು ಸಲ ನನ್ನ ಮಾತು ಮೀರಬಾರದಿತ್ತೇ ಅದು?