ನಿಂತ ಗಾಡಿಯ ಸದ್ದು

ಭಾನುವಾರ ಬೆಳಿಗ್ಗೆ ನಮ್ಮ ಪೋರ್ಟಿಕೋದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಮ್ಮ ಯಜಮಾನರು ಹಳೆಯ ಪೇಪರು ಹರಡಿ, ಬೈಕಿನ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿರುತ್ತಿದ್ದರು. ಮೈಸೂರಿನಲ್ಲಿ ತಯಾರಾದ ಆ ಬೈಕು ನಮ್ಮ ಮದುವೆಗಿಂತ ಹಳೆಯದು. ನನ್ನ ಸಾರಿನ ಬಟ್ಟಲಿಗೆ ಪೆಟ್ರೋಲ್ ಸುರಿದು ಅದರಲ್ಲಿ ಐಡಲ್ ಜೆಟ್ ನೆನೆಹಾಕುತ್ತಿದ್ದರು. ಜೆಟ್ ಎಂದರೆ ಹಿತ್ತಾಳೆಯ ಒಂದು ಪುಟ್ಟ ತಿರುಪು, ನಡುವೆ ಬೆಳಕಿಗೆ ಹಿಡಿದರಷ್ಟೇ ಕಾಣುವ ತೂತು. ಗಾಡಿ ಸಿಗ್ನಲಿನಲ್ಲಿ ನಿಂತಾಗ ಇಂಜಿನ್ನಿಗೆ ಪೆಟ್ರೋಲ್ ಉಣಿಸುವುದು ಆ ತೂತೇ. "ನಾಳೆಯಿಂದ ಸಾರನ್ನೂ ಅದಕ್ಕೇ ಬಡಿಸ್ತೀನಿ" ಎಂದು ನಾನು ರೇಗುತ್ತಿದ್ದೆ.

ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದ ಮೇಲೆ ಹಳೆಯ ಗಾಡಿಗಳಿಗೆಲ್ಲ ಸಂಕಟ ಬಂತು. ಹಳೆಯ ತೂತಿನಲ್ಲಿ ಬರುವ ಹೊಸ ಪೆಟ್ರೋಲ್ ಸಾಲದೆ, ಬನಶಂಕರಿ ಸಿಗ್ನಲಿನಲ್ಲಿ ನಿಂತರೆ ನಿಂತಲ್ಲೇ ಆಫ್. ತೂತನ್ನು ಕೂದಲೆಳೆಯಷ್ಟು ಅಗಲಿಸಬೇಕು. ನಮ್ಮವರು ಸೂಜಿಯಂಥ ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಅಗಲಿಸುತ್ತಿದ್ದರು. ಜೆಟ್ ಕೂರಿಸಿ, ಕಿಕ್ ಹೊಡೆದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ಸಮವಾಗುವವರೆಗೆ ಮತ್ತೆ ಬಿಚ್ಚುವುದು, ಮತ್ತೆ ತಿರುಗಿಸುವುದು. ಒಂದಿಷ್ಟು ಹೆಚ್ಚಾದರೂ ಜೆಟ್ ಹೋದಂತೆಯೇ. ತೂತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. ಅವರ ಕಿವಿಯನ್ನು ನಂಬಿ ಕುಮಾರಸ್ವಾಮಿ ಲೇಔಟಿನಿಂದ, ಉತ್ತರಹಳ್ಳಿಯಿಂದ ಗೆಳೆಯರು ಗಾಡಿ ತರುತ್ತಿದ್ದರು. ಕಾಫಿ ಮಾಡಿ ಮಾಡಿ ಸಾಕಾಗುತ್ತಿತ್ತು, ಆದರೂ ಅವರಿಗೆ ಸಿಗುವ ಮರ್ಯಾದೆ ಕಂಡು ನನಗೆ ಒಳಗೊಳಗೇ ಹೆಮ್ಮೆ.

ಆ ಕಿವಿಯೇ ಮಂದವಾಗತೊಡಗಿತು. ಮೊದಮೊದಲು ಜಾಣಗಿವುಡು ಅಂದುಕೊಂಡೆ. ಕೊತ್ತಂಬರಿ ತನ್ನಿ ಎಂದರೆ ಕೇಳಿಸದ ಗಂಡಸರು ಯಾವ ಮನೆಯಲ್ಲಿಲ್ಲ? ಟಿವಿಯ ಸದ್ದು ಏರುತ್ತ ಹೋಯಿತು. ಡಾಕ್ಟರಿಗೆ ತೋರಿಸೋಣ ಎಂದರೆ, "ನಂಗೇನಾಗಿದೆ? ನೀನೇ ಗೊಣಗ್ತೀಯ" ಎನ್ನುತ್ತಿದ್ದರು.

ಒಂದು ಭಾನುವಾರ ಕೋಣನಕುಂಟೆಯ ಗೆಳೆಯರೊಬ್ಬರು ತೀರಿಹೋದ ತಂದೆಯ ಬೈಕು ತಂದರು. ನಮ್ಮವರು ಎಂದಿನಂತೆ ಜೆಟ್ ಅಗಲಿಸಿದರು. ಕಿಕ್ ಹೊಡೆದರು, "ಇನ್ನೊಂಚೂರು" ಎಂದು ಮತ್ತೆ ಬಿಚ್ಚಿದರು. ಕೊನೆಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಗಂಟಲು ಕಟ್ಟಿದವರಂತೆ ಕೆಮ್ಮತೊಡಗಿತು. ಪೋರ್ಟಿಕೋ ತುಂಬ ಹೊಗೆ. ಇವರು ಕಣ್ಣು ಮುಚ್ಚಿಕೊಂಡೇ, "ಈಗ ನೋಡು ಮಗಾ, ಸಖತ್ತಾಗಿದೆ" ಎಂದು ನಕ್ಕರು.

ಗೆಳೆಯರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಗುರು, ಗಾಡಿ ಕಕ್ತಾ ಇದೆ. ನಿಂಗೆ ಕೇಳಿಸ್ತಿಲ್ವಾ?" ಎಂದರು. ಆ ಮಾತೂ ಇವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು.

ಅಂಥ ಜೆಟ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. "ಹೋಗ್ಲಿ ಬಿಡು" ಎಂದ ಆ ಗೆಳೆಯರು ಮತ್ತೆ ಬರಲಿಲ್ಲ, ನಿಧಾನವಾಗಿ ಉಳಿದವರೂ. ಇವರು ಸ್ಪ್ಯಾನರ್ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದರು. ವರ್ಷಗಟ್ಟಲೆ ನಾನು ಬೇಡಿಕೊಂಡಿದ್ದ ಚೊಕ್ಕ ಪೋರ್ಟಿಕೋ ಕೊನೆಗೂ ಸಿಕ್ಕಿತು. ಅದನ್ನು ನೋಡಲಾಗದೆ ಭಾನುವಾರಗಳಂದು ನಾನು ಮುಂಬಾಗಿಲನ್ನೇ ಹಾಕಿಕೊಳ್ಳುತ್ತಿದ್ದೆ.

ಕೆಲವು ತಿಂಗಳ ಮೇಲೆ ಅವರಾಗಿಯೇ, "ನಡಿ, ಆ ಕಿವಿ ಮಿಷನ್ನು ಹಾಕಿಸ್ಕೊಂಡು ಬರೋಣ" ಎಂದರು. ಜಯನಗರದ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷಿಸಿದ ಹುಡುಗಿ, ಯಾವ ಸದ್ದು ಮುಖ್ಯವಾಗಿ ಕೇಳಿಸಬೇಕು ಎಂದು ವಿಚಾರಿಸಿದಳು. "ನನ್ನ ಬೈಕು ಐಡಲಲ್ಲಿ ನಿಂತಿರೋದು ಕೇಳಿಸಿದ್ರೆ ಸಾಕಮ್ಮ" ಎಂದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಪಕ್ಕದಲ್ಲೇ ಕೂತಿದ್ದೆನಲ್ಲ, ಹೊಟ್ಟೆ ಉರಿಯಿತು.

ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಗಾಡಿ ಸ್ಟಾರ್ಟ್ ಮಾಡಿದರು. ಕಿಕ್ ಹೊಡೆದೊಡನೆ ಮುಖ ಅರಳಿತು. ಕ್ಷಣದಲ್ಲೇ ಬಾಡಿತು. ಕಿವಿಯ ಮಿಷನ್ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು. ನಾನು ಫೋನ್ ಮಾಡಿದಾಗ ಆ ಹುಡುಗಿ, "ಮಾತು ಕ್ಲಿಯರ್ ಆಗಿ ಕೇಳಿಸ್ಲಿ ಅಂತ, ಫ್ಯಾನು, ಇಂಜಿನ್ನು ಥರ ಒಂದೇ ಸಮ ಬರೋ ಸೌಂಡನ್ನ ಅದೇ ಅಡಗಿಸಿಬಿಡುತ್ತೆ ಆಂಟಿ" ಎಂದಳು. ಮರುದಿನವೇ ಹೋಗಿ ಅಡಗಿಸದಂತೆ ಸೆಟ್ಟಿಂಗ್ ಬದಲಿಸಿಕೊಂಡು ಬಂದೆವು. ಆಗ ಸದ್ದೇನೋ ಬಂತು, ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ಸಮ ಯಾವುದು, ಕೆಮ್ಮು ಯಾವುದು, ಗುರುತೇ ಸಿಗಲಿಲ್ಲ. ತಲೆನೋವು ತಾಳಲಾರದೆ ಮೊದಲಿನ ಹಾಗೇ ಮಾಡಿಸಿಕೊಂಡರು.

ಹೋದ ಭಾನುವಾರ ಸ್ಪ್ಯಾನರ್ ಡಬ್ಬಿ ಹೊರಬಂತು. ತಮ್ಮದೇ ಬೈಕಿನ ಜೆಟ್ಟನ್ನು ಚೊಕ್ಕ ಮಾಡಿ ಕೂರಿಸಿ ಕಿಕ್ ಹೊಡೆದರು. ಗಾಡಿ ಆಫ್ ಆಗದೆ, ಒಂದೇ ಹದದಲ್ಲಿ ಸದ್ದು ಮಾಡುತ್ತ ನಿಂತಿತು. ಇಷ್ಟು ವರ್ಷ ಬೈದವಳಿಗೂ ಆ ಸದ್ದು ಗೊತ್ತು, ಎಲ್ಲಿದ್ದರೂ ಗುರುತಿಸಬಲ್ಲೆ. ಇವರು ಕಿವಿಗೆ ಮಿಷನ್ ಹಾಕಿಕೊಂಡು, ಟ್ಯಾಂಕಿನ ಮೇಲೆ ಅಂಗೈ ಊರಿ, ನನಗೆ ಬೆನ್ನು ಹಾಕಿ ನಿಂತಿದ್ದರು. ತಡೆಯಲಾಗದೆ ಬಾಗಿಲಿಂದಲೇ, "ಚೆನ್ನಾಗಿ ನಿಂತಿದೆ ರೀ" ಎಂದೆ.

ಅವರು ಥಟ್ಟನೆ ತಿರುಗಿದರು. ನನ್ನ ಒಂದೇ ಕರೆಗೆ ಅವರು ತಿರುಗಿ ಎಷ್ಟು ಕಾಲವಾಗಿತ್ತೋ, ನನ್ನ ಕಣ್ಣು ತುಂಬಿತು.

"ನೀನು ಹೇಳಿದ್ದು ಕೇಳಿಸ್ತು ಕಣೇ," ಎಂದರು. "ಅದು ಕೇಳಿಸ್ಲಿಲ್ಲ."